ಬೇಸಾಯ ಪದ್ಧತಿಗಳ ಸುಸ್ಥಿರತೆ ಲೆಕ್ಕ: ನಾಲ್ಕನೆಯ ಪದ್ಧತಿ ಸೇರಿಸಿದ ಕೂಡಲೇ ಮೊದಲೆರಡು ಸ್ಥಾನ ಅದಲುಬದಲು, ಏಕೆ?

ಹೊಲಲೆಕ್ಕ:

ಒಂದೇ ಜಲಾನಯನದೊಳಗಿನ ಮೂರು ಬೇಸಾಯ ಪದ್ಧತಿಗಳನ್ನು ಹಲವು ಮಾನದಂಡಗಳ ಅಂಕ ಸೇರಿಸುವ ವಿಧಾನದಲ್ಲಿ ಹೋಲಿಸುತ್ತಿದ್ದೇನೆ.

ಕ: ಕೊಳವೆಬಾವಿ ನೀರಾವರಿಯ ಏಕಬೆಳೆ, ಪೂರ್ತಿ ರಾಸಾಯನಿಕ ಗೊಬ್ಬರ
ಖ: ಬೆಳೆ ಮತ್ತು ಜಾನುವಾರು ಸೇರಿದ ಮಿಶ್ರ ಬೇಸಾಯ
ಗ: ಮಳೆಯಾಶ್ರಿತ ಸಾವಯವ, ದ್ವಿದಳ ಧಾನ್ಯದೊಂದಿಗೆ ಬೆಳೆ ಪರಿವರ್ತನೆ

ಮಾನದಂಡಗಳು ಏಳು: ನಿವ್ವಳ ಆದಾಯ, ಆದಾಯದ ಏರಿಳಿತ, ಹೆಚ್ಚುವರಿ ಸಾರಜನಕ (ಹೊಲಕ್ಕೆ ಹೋದದ್ದರಲ್ಲಿ ಹೊರಬಂದದ್ದನ್ನು ಕಳೆದ ಉಳಿಕೆ, ಹೆಕ್ಟೇರಿಗೆ ಕಿಲೊ), ಅಂತರ್ಜಲ ಎತ್ತಿದ್ದಕ್ಕೂ ಮರುಪೂರಣಕ್ಕೂ ಇರುವ ಅನುಪಾತ, ಮಣ್ಣಿನ ಸಾವಯವ ಇಂಗಾಲ, ಕೀಟನಾಶಕ ಬಳಕೆ, ದುಡಿಮೆಯ ಗಂಟೆ. ತೂಕಗಳನ್ನು ಎಎಚ್‌ಪಿಯಿಂದ (ಎರಡೆರಡನ್ನೇ ಹೋಲಿಸಿ ತೂಕ ಪಡೆಯುವ ಕ್ರಮ) ತೆಗೆದಿದ್ದೇನೆ. ಅಂಕಗಳನ್ನು ಕನಿಷ್ಠ–ಗರಿಷ್ಠ ಸೂತ್ರದಿಂದ 0–1ಕ್ಕೆ ಇಳಿಸಿ, ತೂಕ ಹಾಕಿ ಕೂಡಿಸಿದ್ದೇನೆ.

ಆದಾಯ (ಪ್ರದೇಶದ ಸರಾಸರಿ 100 ಎಂದಿಟ್ಟು): ಕ 140, ಖ 110, ಗ 80. ಹೆಚ್ಚುವರಿ ಸಾರಜನಕ: ಕ 110, ಖ 60, ಗ 40. ಅಂತರ್ಜಲ ಅನುಪಾತ: ಕ 1.3, ಖ 0.9, ಗ 0.4.

ತೊಡಕುಗಳು ಮೂರು.

ಒಂದು, ಖ ಮೊದಲು, ಗ ಎರಡನೆಯದು ಎಂದು ಬಂದಿತ್ತು. ಎಳೆಯ ಗಿಡಗಳಿರುವ ಕೃಷಿ ಅರಣ್ಯ ಪದ್ಧತಿಯನ್ನು (ಘ: ಆದಾಯ 20, ಹೆಚ್ಚುವರಿ ಸಾರಜನಕ 90) ಸೇರಿಸಿದೆ. ಘ ಕೊನೆಗೆ ಹೋಯಿತು, ಸರಿ. ಆದರೆ ಗ ಮೇಲೇರಿ ಖ ಕೆಳಗಿಳಿಯಿತು. ಖ, ಗ ಎರಡರ ಅಂಕಿಅಂಶವನ್ನೂ ಮುಟ್ಟಿಯೇ ಇಲ್ಲ.

ಎರಡು, ಆದಾಯದ ತೂಕ ಕೊಂಚ ಏರಿಸಿದರೆ ಕ ಮೇಲೆ ಬರುತ್ತದೆ. ಮರುಪೂರಣಕ್ಕಿಂತ ಹೆಚ್ಚು ನೀರೆತ್ತುವ ಪದ್ಧತಿಯನ್ನು ಅತಿ ಸುಸ್ಥಿರ ಎಂದು ವರದಿಯಲ್ಲಿ ಹೇಗೆ ಬರೆಯುವುದು?

ಮೂರು, ಏಳು ಮಾನದಂಡಗಳ ಜೋಡಿ ಹೋಲಿಕೆಯಲ್ಲಿ ಸಿಆರ್ (ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ, 0.10ರೊಳಗಿರಬೇಕು) 0.17 ಬಂದಿದೆ.

ಟಾಪ್ಸಿಸ್‌ಗೆ (ಆದರ್ಶ ಬಿಂದುವಿಗೆ ಹತ್ತಿರ, ಅದರ ಎದುರು ಬಿಂದುವಿನಿಂದ ದೂರ ಇರುವ ಪದ್ಧತಿಯನ್ನು ಮೇಲಿಡುವ ವಿಧಾನ) ಬದಲಾಯಿಸಿದರೆ ಸರಿಹೋಗುತ್ತದೆಯೇ?

---

ಗಡಿಮೌಲ್ಯ:

ಟಾಪ್ಸಿಸ್‌ಗೆ ಹೋದರೂ ಈ ಅದಲುಬದಲು ಬಿಟ್ಟುಹೋಗುವುದಿಲ್ಲ. ಹ್ವಾಂಗ್ ಮತ್ತು ಯೂನ್ 1981ರಲ್ಲಿ ಕೊಟ್ಟ ಮೂಲ ರೂಪದಲ್ಲಿ ಆದರ್ಶ ಬಿಂದು, ಅದರ ಎದುರು ಬಿಂದು ಎರಡೂ ನಿಮ್ಮ ಪಟ್ಟಿಯಲ್ಲಿರುವ ಪದ್ಧತಿಗಳಿಂದಲೇ ಹುಟ್ಟುತ್ತವೆ. ಪಟ್ಟಿಗೆ ಒಂದು ಸೇರಿದರೆ ಎರಡೂ ಜರುಗಬಹುದು. ಎಎಚ್‌ಪಿಯಲ್ಲೇ ಪದ್ಧತಿಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದರೂ ಇದೇ ಪಾಡು. ಬೆಲ್ಟನ್ ಮತ್ತು ಗಿಯರ್ 1983ರಲ್ಲೇ ಅದನ್ನು ತೋರಿಸಿದ್ದಾರೆ.

ಏಳು ಮಾನದಂಡ ಬೇಡ, ಆದಾಯ ಮತ್ತು ಸಾರಜನಕ ಎರಡನ್ನೇ ಅರ್ಧರ್ಧ ತೂಕದಲ್ಲಿ ಹಾಕಿ ನೋಡಿ, ಎಲ್ಲಿ ಏನಾಗುತ್ತಿದೆ ಎಂಬುದು ಕೈಗೆ ಸಿಗುತ್ತದೆ.

ಘ ಇಲ್ಲದಾಗ ಆದಾಯದ ಹರವು 80ರಿಂದ 140. ಹಾಗಾಗಿ ಕ 1, ಖ 0.5, ಗ 0. ಸಾರಜನಕದ ಹರವು 40ರಿಂದ 110, ಕಡಿಮೆಯಾದಷ್ಟೂ ಒಳ್ಳೆಯದು. ಅಲ್ಲಿ ಕ 0, ಖ 0.714, ಗ 1. ಒಟ್ಟು: ಕ 0.500, ಖ 0.607, ಗ 0.500.

ಘ ಬಂದಾಗ ಸಾರಜನಕದ ಹರವು ಹಾಗೇ ಉಳಿಯಿತು, ಏಕೆಂದರೆ 90 ಅದರೊಳಗೇ ಇದೆ. ಆದಾಯದ ಹರವು ಮಾತ್ರ 20ರಿಂದ 140ಕ್ಕೆ ಹಿಗ್ಗಿತು. ಖ 0.75 ಆಯಿತು, ಗ 0.5 ಆಯಿತು. ಖಗೆ ಸಿಕ್ಕಿದ್ದು 0.25, ಗಗೆ ಸಿಕ್ಕಿದ್ದು 0.5. ಒಟ್ಟು: ಖ 0.732, ಗ 0.750. ಅದಲುಬದಲು ಆಗಿದ್ದು ಇಲ್ಲೇ.

ಅಂದರೆ ಆದಾಯಕ್ಕೆ ಕೊಟ್ಟ 0.5 ತೂಕದ ಅರ್ಥವೇ ಬದಲಾಯಿತು. ಮೊದಲು ಅದು 60 ಅಂಶಗಳ ಅಂತರಕ್ಕೆ ಸಿಕ್ಕ ತೂಕ. ಘ ಬಂದ ಮೇಲೆ 120 ಅಂಶಗಳ ಅಂತರಕ್ಕೆ ಅದೇ ತೂಕ. ಒಂದೊಂದು ಅಂಶದ ಬೆಲೆ ಅರ್ಧಕ್ಕಿಳಿದಿದೆ, ಲೆಕ್ಕದಲ್ಲಿ ಮಾತ್ರ 0.5 ಎಂದೇ ಕಾಣುತ್ತಿದೆ.

ಪರಿಹಾರ: ಅಳತೆಯ ಎರಡು ತುದಿಗಳನ್ನು ಪಟ್ಟಿಯ ಹೊರಗಿನಿಂದ ತನ್ನಿ, ಪದ್ಧತಿಗಳ ಅಂಕಿ ನೋಡುವ ಮೊದಲೇ ಬರೆದಿಡಿ. ಆದಾಯಕ್ಕೆ ಕೆಳತುದಿ ಎಂದರೆ ಕುಟುಂಬದ ಕನಿಷ್ಠ ಖರ್ಚು ತೂಗುವ ಮಟ್ಟ, 50 ಎನ್ನೋಣ, ಮೇಲ್ತುದಿ 150. ಸಾರಜನಕಕ್ಕೆ 120 ಬಂದರೆ ಸೊನ್ನೆ, 40 ಬಂದರೆ ಒಂದು. ಐರೋಪ್ಯ ಒಕ್ಕೂಟದ ಸಾರಜನಕ ತಜ್ಞರ ತಂಡ ಹೆಕ್ಟೇರಿಗೆ ವರ್ಷಕ್ಕೆ 80 ಕಿಲೊವನ್ನು ಮಿತಿಯಾಗಿ ಸೂಚಿಸಿದೆ. ಈ ಅಳತೆಯಲ್ಲಿ ಅದು ಸರಿಯಾಗಿ 0.5ಕ್ಕೆ ಬೀಳುತ್ತದೆ, ಹೀಗಾಗಿ ಓದುವವರಿಗೂ ಸುಲಭ. ನಿಮ್ಮಲ್ಲಿ ಜೌಗು ಮಣ್ಣೋ ಮರಳು ಮಣ್ಣೋ ನೋಡಿ ಮಿತಿ ಬದಲಿಸಿ, ಆದರೆ ಕಾರಣ ಬರೆಯಿರಿ.

ಹೊಸ ಅಂಕ, ಆದಾಯ ಮೊದಲು, ಸಾರಜನಕ ಆಮೇಲೆ:
ಕ: 0.90, 0.125, ಸರಾಸರಿ 0.513
ಖ: 0.60, 0.75, ಸರಾಸರಿ 0.675
ಗ: 0.30, 1.00, ಸರಾಸರಿ 0.650
ಘ: 0 (ಆದಾಯ ಕೆಳತುದಿಗಿಂತಲೂ ಕಡಿಮೆ), 0.375, ಸರಾಸರಿ 0.188

ಘ ಇರಲಿ ಬಿಡಲಿ, ಖ ಮತ್ತು ಗ ನಡುವಿನ ಲೆಕ್ಕ ಅಲುಗಾಡುವುದಿಲ್ಲ. ಟಾಪ್ಸಿಸ್ ಬಿಡಲು ಮನಸ್ಸಿಲ್ಲದಿದ್ದರೆ ಇದೇ ಅಂಕಗಳನ್ನು ಅದಕ್ಕೆ ಉಣಿಸಿ, ಎಲ್ಲ ಮಾನದಂಡದಲ್ಲೂ 1 ಇರುವುದನ್ನು ಆದರ್ಶವಾಗಿ, 0 ಇರುವುದನ್ನು ಎದುರು ಬಿಂದುವಾಗಿ ಕಟ್ಟಿಹಾಕಿ. ಸದಿಶ ಸಾಮಾನ್ಯೀಕರಣದ ಹಂತವನ್ನು (ಪ್ರತಿ ಅಂಕಿಯನ್ನು ಆ ಮಾನದಂಡದ ಎಲ್ಲ ಅಂಕಿಗಳ ವರ್ಗಗಳ ಮೊತ್ತದ ವರ್ಗಮೂಲದಿಂದ ಭಾಗಿಸುವುದು) ತೆಗೆದುಬಿಡಿ, ಅದೂ ಪಟ್ಟಿಯ ಮೇಲೆ ನಿಂತದ್ದು.

ಇನ್ನೊಂದು ಮಾತು, ಘ ಬಗ್ಗೆ. ಎಳೆಯ ಗಿಡಗಳ ವರ್ಷದ ಆದಾಯವನ್ನು ಬೆಳೆದು ನಿಂತ ಪದ್ಧತಿಗಳ ಆದಾಯದ ಪಕ್ಕ ಇಡುವುದೇ ತಪ್ಪು ಹೋಲಿಕೆ. ಕೊಯ್ಲು ಕಡಿಮೆ ಇರುವುದರಿಂದ ಸಾರಜನಕದ ಹೆಚ್ಚುವರಿಯೂ ಆ ವರ್ಷಗಳಲ್ಲಿ ಉಬ್ಬಿರುತ್ತದೆ. ಮರದ ಪೂರ್ತಿ ಆಯುಷ್ಯಕ್ಕೆ ವಾರ್ಷಿಕ ಸರಾಸರಿ ಹಾಕಿ, ಇಲ್ಲವೇ ಅದನ್ನು ಈ ಪಟ್ಟಿಯಿಂದ ಹೊರಗಿಡಿ.

ಎರಡನೆಯ ತೊಡಕಿಗೆ ಬರೋಣ. ತೂಕ ಹಾಕಿ ಕೂಡಿಸುವ ವಿಧಾನದಲ್ಲಿ ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ಲಾಭ ಮುಚ್ಚುತ್ತದೆ. ಆದಾಯ ಎಷ್ಟು ಬಂದರೂ ಬತ್ತಿದ ಅಂತರ್ಜಲ ತುಂಬುವುದಿಲ್ಲ, ಆದರೆ ಸೂತ್ರಕ್ಕೆ ಅದು ಗೊತ್ತಿಲ್ಲ. ಮೂರು ದಾರಿಗಳಿವೆ.

ಸರಳವಾದದ್ದು ಬಾಗಿಲಲ್ಲೇ ತಡೆಯುವುದು: ಅನುಪಾತ 1 ದಾಟಿದರೆ ಅಂಕ ಎಷ್ಟೇ ಇರಲಿ, ಮೊದಲ ದರ್ಜೆ ಇಲ್ಲ. ಬರ್ನಾರ್ಡ್ ರುವಾ ಅವರ ಎಲೆಕ್ಟರ್ ಕುಟುಂಬದ ವಿಧಾನಗಳಲ್ಲಿ ಇದಕ್ಕೆಂದೇ ವೀಟೊ ಮಿತಿ ಇದೆ, ಒಂದು ಮಾನದಂಡದಲ್ಲಿ ತೀರಾ ಹಿಂದುಳಿದರೆ ಉಳಿದ ಲಾಭ ಲೆಕ್ಕಕ್ಕೆ ಬರುವುದಿಲ್ಲ. ಜಮೀನುಗಳ ಸುಸ್ಥಿರತೆ ಅಳೆಯುವ ಫ್ರಾನ್ಸಿನ ಐಡಿಇಎ ವಿಧಾನ ತನ್ನ ಮೊದಲ ಆವೃತ್ತಿಗಳಲ್ಲಿ ಇನ್ನೂ ಬಿಗಿಯಾಗಿತ್ತು. ಪರಿಸರ, ಸಾಮಾಜಿಕ, ಆರ್ಥಿಕ ಈ ಮೂರು ಅಂಕಗಳನ್ನು ಅದು ಕೂಡಿಸುತ್ತಲೇ ಇರಲಿಲ್ಲ, ಮೂರರಲ್ಲಿ ಕಡಿಮೆಯದ್ದೇ ಆ ಜಮೀನಿನ ಅಂಕವಾಗಿತ್ತು.

ಎರಡನೆಯದು ಗುಣೋತ್ತರ ಸರಾಸರಿ. ಮೇಲಿನ ಅಂಕಗಳಿಗೆ ಹಾಕಿದರೆ ಕ 0.335, ಖ 0.671, ಗ 0.548, ಘ 0. ಏರುಪೇರಾಗಿರುವ ಕ ಎಷ್ಟು ಕುಸಿಯಿತು ನೋಡಿ. ಸಮತೋಲನದ ಖ ಬಹುತೇಕ ಇದ್ದಲ್ಲೇ ಇದೆ. ಒಂದೇ ಒಂದು ಸೊನ್ನೆ ಬಂದರೂ ಇಡೀ ಅಂಕ ಸೊನ್ನೆಯಾಗುತ್ತದೆ, ಆದ್ದರಿಂದ ಕೆಳತುದಿಯನ್ನು ಎಲ್ಲಿ ಇಡುತ್ತೀರಿ ಎಂಬುದರ ಮೇಲೆ ಮೈಯೆಲ್ಲ ಕಣ್ಣಾಗಿರಬೇಕು.

ಮೂರನೆಯದು ಡೆಕ್ಸಿ ಎಂಬ ತಂತ್ರಾಂಶದಲ್ಲಿ ಕಟ್ಟುವಂತಹ ಗುಣಾತ್ಮಕ ಮರ, ಅಂದರೆ ಅಂಕಿಯ ಬದಲು ‘ಒಳ್ಳೆಯದು’, ‘ಕೆಟ್ಟದು’ ಎಂಬ ದರ್ಜೆಗಳನ್ನು ಕವಲು ಕವಲಾಗಿ ಸೇರಿಸುವುದು. ಫ್ರಾನ್ಸಿನಲ್ಲಿ ಬೆಳೆ ಪದ್ಧತಿಗಳಿಗಾಗಿ ಮಾಡಿದ ಮಾಸ್ಕ್ ಮಾದರಿ ಇದರಲ್ಲೇ ಕಟ್ಟಿದ್ದು. ತೂಕದ ಬದಲು ನಿಯಮ ಬರೆಯುತ್ತೀರಿ: ‘ನೀರು ಕೆಟ್ಟದು, ಮಣ್ಣು ಒಳ್ಳೆಯದು ಆದರೆ ಪರಿಸರ ಕೆಟ್ಟದು’. ಒಂದು ಕವಲಿನ ಕೆಳಗೆ ಮೂರು ಮಟ್ಟಗಳ ಮೂರು ಸೂಚಕಗಳಿದ್ದರೆ 27 ನಿಯಮ, ಐದಿದ್ದರೆ 243. ಆದ್ದರಿಂದ ಕವಲಿಗೆ ಎರಡು, ಹೆಚ್ಚೆಂದರೆ ಮೂರು. ಇದರ ದೌರ್ಬಲ್ಯ ಅಂಚಿನಲ್ಲಿದೆ: ಮಿತಿ 80 ಇದ್ದರೆ 79 ಮತ್ತು 81 ಬೇರೆ ಬೇರೆ ದರ್ಜೆಗೆ ಬೀಳುತ್ತವೆ, 81 ಮತ್ತು 118 ಒಂದೇ ದರ್ಜೆಯಲ್ಲಿ ಕೂರುತ್ತವೆ.

---

ತಕ್ಕಡಿಮುಳ್ಳು:

ಸಿಆರ್ ಬಗ್ಗೆ ನಾನು ಹೇಳುತ್ತೇನೆ.

ಏಳು ಮಾನದಂಡಗಳನ್ನು ಒಂದೇ ಕೋಷ್ಟಕದಲ್ಲಿ ಹಾಕಿದರೆ 21 ಜೋಡಿ. ಹತ್ತು ಹನ್ನೆರಡು ದಾಟಿದ ಮೇಲೆ ಉತ್ತರ ಕೊಡುವವರು ಹಿಂದೆ ಏನು ಹೇಳಿದ್ದೆವು ಎಂಬುದನ್ನೇ ಮರೆಯುತ್ತಾರೆ. ಆರ್ಥಿಕ 2, ಪರಿಸರ 4, ಸಾಮಾಜಿಕ 1 ಎಂದು ಮರ ಕಟ್ಟಿದರೆ ಮೇಲೆ 3, ಕೆಳಗೆ 1 ಮತ್ತು 6, ಒಟ್ಟು 10 ಜೋಡಿ.

ಯಾವ ಉತ್ತರ ಕೋಷ್ಟಕವನ್ನು ಕೆಡಿಸುತ್ತಿದೆ ಎಂದು ಹುಡುಕುವುದು ಸುಲಭ. ನೀರು ಆದಾಯಕ್ಕಿಂತ 3 ಪಟ್ಟು, ಆದಾಯ ದುಡಿಮೆಗಿಂತ 5 ಪಟ್ಟು ಎಂದವರು, ನೀರು ದುಡಿಮೆಗಿಂತ 2 ಪಟ್ಟು ಎಂದರೆ ಲೆಕ್ಕ ಹೊಂದುವುದಿಲ್ಲ. 3×5 ಅಂದರೆ 15 ಬರಬೇಕಿತ್ತು. ಈ ಮೂರರ ಕೋಷ್ಟಕಕ್ಕೆ ಗರಿಷ್ಠ ಐಗನ್ ಮೌಲ್ಯ 3.468 (ಉತ್ತರಗಳು ಪೂರ್ತಿ ಹೊಂದಿದ್ದರೆ ಅದು 3 ಇರುತ್ತಿತ್ತು). ಅದರಿಂದ 3 ಕಳೆದು 2ರಿಂದ ಭಾಗಿಸಿದರೆ 0.234. ಮೂರು ಮಾನದಂಡಕ್ಕೆ ಈ ವಿಧಾನ ರೂಪಿಸಿದ ಥಾಮಸ್ ಸಾಟಿ ಕೊಟ್ಟ ಯಾದೃಚ್ಛಿಕ ಸೂಚ್ಯಂಕ (ಮನಬಂದಂತೆ ತುಂಬಿದ ಕೋಷ್ಟಕಗಳಲ್ಲಿ ಬರುವ ಸರಾಸರಿ) 0.58, ಅದರಿಂದ ಭಾಗಿಸಿದರೆ ಸಿಆರ್ 0.40. ಆ 2ರ ಜಾಗದಲ್ಲಿ 6 ಇದ್ದಿದ್ದರೆ 0.08, ಅಂದರೆ 0.10ರ ಮಿತಿಯೊಳಗೆ. 15 ಬರಲು ಸಾಧ್ಯವೂ ಇಲ್ಲ, ಸಾಟಿಯ ಅಳತೆ 9ಕ್ಕೆ ಮುಗಿಯುತ್ತದೆ. ಹಾಗಾಗಿ ಸಿಆರ್ ಸ್ವಲ್ಪ ಇರುವುದು ಸಹಜ.

ಆದರೆ ನೀವೇ ಕೂತು 2 ಅಳಿಸಿ 6 ಬರೆಯಬೇಡಿ. ಆ ಮೂರು ಉತ್ತರಗಳನ್ನು ಒಟ್ಟಿಗೆ ತೋರಿಸಿ, ಯಾವುದನ್ನು ತಿದ್ದುತ್ತೀರಿ ಎಂದು ಕೊಟ್ಟವರನ್ನೇ ಕೇಳಿ. ತಂತ್ರಾಂಶಗಳಲ್ಲಿ ತಾನಾಗಿ ಸರಿಪಡಿಸುವ ಗುಂಡಿ ಇರುತ್ತದೆ. ಅದನ್ನು ಒತ್ತಿದ ಮೇಲೆ ಬರುವ ತೂಕ ರೈತರದ್ದಲ್ಲ, ಸೂತ್ರದ್ದು.

ಹಲವರ ಉತ್ತರ ಸೇರಿಸುವಾಗ ಸಾಮಾನ್ಯ ಸರಾಸರಿ ಹಾಕಬಾರದು. ಒಬ್ಬರು 3, ಇನ್ನೊಬ್ಬರು 1/3 ಎಂದರೆ ಸಾಮಾನ್ಯ ಸರಾಸರಿ 1.67. ಅದೇ ಜೋಡಿಯನ್ನು ತಿರುಗಿಸಿ ಲೆಕ್ಕ ಹಾಕಿ, ಆಗಲೂ 1.67! ನೀರು ಆದಾಯಕ್ಕಿಂತ ಮುಖ್ಯ, ಆದಾಯ ನೀರಿಗಿಂತ ಮುಖ್ಯ ಎಂದಂತಾಯಿತು. ಗುಣೋತ್ತರ ಸರಾಸರಿ 1 ಕೊಡುತ್ತದೆ. ಅದಕ್ಕೂ ಮೊದಲು ಗುಂಪುಗಳನ್ನು ಬೇರೆ ಬೇರೆ ನೋಡಿ. ಬೇಸಾಯಗಾರರು, ನೀರು ನಿರ್ವಹಿಸುವವರು, ಕೊಳ್ಳುವವರು ಮೂರು ದಿಕ್ಕಿಗೆ ಎಳೆಯುತ್ತಿದ್ದರೆ, ಸೇರಿಸಿದ ತೂಕ ಅವರಲ್ಲಿ ಯಾರೊಬ್ಬರ ಅಭಿಪ್ರಾಯವೂ ಆಗಿರುವುದಿಲ್ಲ. ಮೂರು ಸಲ ಪ್ರತ್ಯೇಕ ಲೆಕ್ಕ ಹಾಕಿ, ಮೂರನ್ನೂ ವರದಿಯಲ್ಲಿ ಕೊಡಿ.

ಮರ ಕಟ್ಟುವಾಗ ಒಂದು ಗುಂಡಿ ಇದೆ, ಬಹಳ ಮಂದಿ ಬೀಳುತ್ತಾರೆ. ಮೂರು ಆಯಾಮಕ್ಕೂ ಸಮ ತೂಕ ಎಂದಿರಿ ಎನ್ನೋಣ. ಸಾಮಾಜಿಕದಲ್ಲಿ ದುಡಿಮೆಯ ಗಂಟೆ ಒಂದೇ ಇದೆ, ಅದಕ್ಕೆ ಪೂರಾ 0.333. ಪರಿಸರದಲ್ಲಿ ನಾಲ್ಕಿವೆ, ಒಂದೊಂದಕ್ಕೆ 0.083. ದುಡಿಮೆಯ ಗಂಟೆ ಅಂತರ್ಜಲದ ನಾಲ್ಕು ಪಟ್ಟು ಆಯಿತು, ಯಾರೂ ಹಾಗೆ ಹೇಳಿರಲಿಲ್ಲ. ಆ ಸೂಚಕಕ್ಕಂತೂ ದಿಕ್ಕೇ ಸ್ಪಷ್ಟವಿಲ್ಲ: ಗಂಟೆ ಹೆಚ್ಚಾದರೆ ಉದ್ಯೋಗವೋ, ಮೈಮುರಿತವೋ? ಅದನ್ನು ತೆಗೆದು ಗಂಟೆಗೆ ಸಿಗುವ ಪ್ರತಿಫಲ, ಮತ್ತು ವರ್ಷದ ದುಡಿಮೆಯಲ್ಲಿ ಅತಿ ಬಿಗಿಯಾದ ಎರಡು ತಿಂಗಳ ಪಾಲು ಎಂದು ಎರಡಾಗಿಸಿ.

ನನ್ನ ಆಯ್ಕೆ ಕೇಳಿದರೆ ಇಲ್ಲಿ ಎಎಚ್‌ಪಿ ಬಿಟ್ಟು ಸ್ವಿಂಗ್ ತೂಕ. ‘ನೀರು ಆದಾಯಕ್ಕಿಂತ ಎಷ್ಟು ಮುಖ್ಯ’ ಎಂಬ ಪ್ರಶ್ನೆಗೆ ಹರವು ಗೊತ್ತಿಲ್ಲದೆ ಉತ್ತರವೇ ಇಲ್ಲ. ಗಡಿಮೌಲ್ಯ ಅವರು ತೋರಿಸಿದ 60–120ರ ಸಂಗತಿ ಇದೇ. ಸ್ವಿಂಗ್‌ನಲ್ಲಿ ಹೀಗೆ ಕೇಳುತ್ತೀರಿ: ಎಲ್ಲ ಮಾನದಂಡದಲ್ಲೂ ಕೆಳತುದಿಯಲ್ಲಿರುವ ಜಮೀನು ನಿಮ್ಮದು, ಒಂದನ್ನು ಮಾತ್ರ ಕೆಳತುದಿಯಿಂದ ಮೇಲ್ತುದಿಗೆ ಏರಿಸಬಹುದು, ಯಾವುದು? ಅದಕ್ಕೆ 100. ಮುಂದಿನದಕ್ಕೆ ಅದರ ಎದುರು ಎಷ್ಟು? 100, 80, 60, 40, 20 ಎಂದು ಬಂದರೆ ಮೊತ್ತ 300, ತೂಕಗಳು 0.33, 0.27, 0.20, 0.13, 0.07. ತುದಿಗಳ ಅಂಕಿಯನ್ನು ಚೀಟಿಯಲ್ಲಿ ಬರೆದು ಎದುರಿಗಿಡಿ.

ಎಂಟ್ರೊಪಿ ತೂಕವನ್ನು ಯಾರಾದರೂ ಸೂಚಿಸಿದರೆ ನಯವಾಗಿ ಬೇಡ ಎನ್ನಿ. ಅದು ಪದ್ಧತಿಗಳ ನಡುವೆ ಹೆಚ್ಚು ವ್ಯತ್ಯಾಸ ಇರುವ ಸೂಚಕಕ್ಕೆ ಹೆಚ್ಚು ತೂಕ ಕೊಡುತ್ತದೆ. ಮಣ್ಣಿನ ಸವಕಳಿ ಎಲ್ಲ ಪದ್ಧತಿಯಲ್ಲೂ ಒಂದೇ ತೆರನಾಗಿ ಕೆಟ್ಟಿದ್ದರೆ ಸವಕಳಿಯ ತೂಕ ಸೊನ್ನೆಯ ಹತ್ತಿರ ಹೋಗುತ್ತದೆ.

---

ಹೊಲಲೆಕ್ಕ:

ತುದಿಗಳನ್ನು ಹೊರಗಿನಿಂದ ಇಟ್ಟು ಲೆಕ್ಕ ಮತ್ತೆ ಹಾಕುತ್ತೇನೆ. ಒಂದು ಸಣ್ಣ ಅನುಮಾನ: ಗ ಪದ್ಧತಿಯ ಕೆಲವು ಹೊಲಗಳಲ್ಲಿ ಹೆಚ್ಚುವರಿ ಸಾರಜನಕ −15 ಬರುತ್ತಿದೆ. ಕಡಿಮೆಯಾದಷ್ಟೂ ಒಳ್ಳೆಯದು ಎಂಬ ನಿಯಮದಲ್ಲಿ ಅದಕ್ಕೆ ಪೂರ್ಣಾಂಕ. ಹಾಗೇ ಬಿಡಬಹುದೇ?

---

ಮಣ್ಣುಮಾಪಕ:

ಬಿಡಬಾರದು. ಋಣ ಚಿಹ್ನೆ ಎಂದರೆ ಹೊಲಕ್ಕೆ ಹೋದದ್ದಕ್ಕಿಂತ ಹೊಲದಿಂದ ಬಂದದ್ದು ಹೆಚ್ಚು, ಮಣ್ಣಿನ ದಾಸ್ತಾನು ಕರಗುತ್ತಿದೆ. ಪೂರ್ಣಾಂಕ ಕೊಟ್ಟರೆ ಮಣ್ಣು ಬರಿದು ಮಾಡುವುದಕ್ಕೆ ಬಹುಮಾನ ಕೊಟ್ಟಂತೆ.

ಮೊದಲು ಅಂಕಿಯೇ ಸರಿಯೇ ನೋಡಿ. ಪರಿವರ್ತನೆಯಲ್ಲಿ ದ್ವಿದಳ ಇದೆ ಎಂದಿರಿ. ಕಾಳಿನಲ್ಲಿ ಹೊರಹೋದ ಸಾರಜನಕವನ್ನು ಹಿಡಿದು, ಬೇರುಗಂಟು ಗಾಳಿಯಿಂದ ಹಿಡಿದದ್ದನ್ನು ಬಿಟ್ಟಿರುವ ಸಾಧ್ಯತೆ ಹೆಚ್ಚು. ಉದಾಹರಣೆಗೆ ಹೆಕ್ಟೇರಿಗೆ 1,500 ಕಿಲೊ ಕಾಳು, ಪ್ರೋಟೀನ್ 22 ಶೇಕಡಾ. ಪ್ರೋಟೀನನ್ನು 6.25ರಿಂದ ಭಾಗಿಸಿದರೆ ಸಾರಜನಕ ಸುಮಾರು 3.5 ಶೇಕಡಾ, ಅಂದರೆ ಸುಮಾರು 53 ಕಿಲೊ ಹೊರಗೆ. ನೆಲದ ಮೇಲಿನ ಗಿಡದಲ್ಲಿ ಒಟ್ಟು 80 ಕಿಲೊ ಇದ್ದು ಅದರಲ್ಲಿ 60 ಶೇಕಡಾ ಗಾಳಿಯದ್ದಾದರೆ 48 ಕಿಲೊ ಒಳಗೆ ಬಂದಿದೆ. ಅದು ಮೂರು ವರ್ಷಕ್ಕೊಮ್ಮೆ ಬರುವ ಬೆಳೆಯಾದರೆ ವರ್ಷಕ್ಕೆ 16. ನಿಮ್ಮ −15 ಈಗ +1.

ಆದರೂ ಪೂರ್ಣಾಂಕ ಇಲ್ಲ. ವರ್ಷಕ್ಕೆ 61 ಒಳಗೆ, 60 ಹೊರಗೆ ಎಂದಾದರೆ ಬಳಕೆಯ ದಕ್ಷತೆ 98 ಶೇಕಡಾ. ಮೇಲೆ ಹೇಳಿದ ಐರೋಪ್ಯ ತಂಡದ ಚೌಕಟ್ಟಿನಲ್ಲಿ ಒಪ್ಪುವ ವಲಯ 50ರಿಂದ 90 ಶೇಕಡಾ. ಅದರಾಚೆ ಮಣ್ಣು ಬರಿದಾಗುವ ಅಪಾಯ. ಗೊಬ್ಬರದಿಂದ ಅಮೋನಿಯಾ ಹಾರಿಹೋಗುವುದು, ನೀರಿನಲ್ಲಿ ನೈಟ್ರೇಟ್ ಬಸಿಯುವುದು ಎಲ್ಲಿಂದ ಆಗಬೇಕು? ಮಣ್ಣಿನಿಂದಲೇ. ಹಾಗಾಗಿ ಇಳಿಜಾರು ರೇಖೆಯ ಬದಲು ದಿಬ್ಬದ ಆಕಾರ ಕೊಡಿ: 120ರಲ್ಲಿ ಸೊನ್ನೆ, 40ಕ್ಕೆ ಬಂದಾಗ 1, 40ರಿಂದ 15ರವರೆಗೆ 1, ಅಲ್ಲಿಂದ ಇಳಿದು −30ರಲ್ಲಿ ಮತ್ತೆ ಸೊನ್ನೆ. ಮಣ್ಣಿನ ರಸಸಾರಕ್ಕೂ ಇದೇ ದಿಬ್ಬ ಬೇಕು.

ಲೆಕ್ಕದ ಗಡಿಯೂ ಎಲ್ಲ ಪದ್ಧತಿಗೆ ಒಂದೇ ಇರಲಿ. ಖನಲ್ಲಿ ಜಮೀನಿನ ಬಾಗಿಲ ಲೆಕ್ಕ (ಜಮೀನಿನ ಗಡಿ ದಾಟಿ ಬಂದದ್ದು, ಹೋದದ್ದು ಮಾತ್ರ) ಹಿಡಿದರೆ ಕೊಟ್ಟಿಗೆ ಗೊಬ್ಬರ ಒಳಗೇ ಸುತ್ತುವುದರಿಂದ ಅದು ಒಳಬಂದದ್ದಲ್ಲ, ಕೊಂಡ ಪಶು ಆಹಾರ ಒಳಬಂದದ್ದು. ಹೊಲದ ಮೇಲ್ಮೈ ಲೆಕ್ಕದಲ್ಲಿ ತಿರುವುಮುರುವು. ಕಗೆ ಒಂದು, ಖಗೆ ಇನ್ನೊಂದು ಹಿಡಿದಿದ್ದರೆ ಹೋಲಿಕೆ ಅಲ್ಲಿಗೇ ಮುಗಿಯಿತು.

ಹೆಕ್ಟೇರಿಗೋ ಟನ್ನಿಗೋ ಎಂಬುದನ್ನೂ ನಿರ್ಧರಿಸಿ. ಇಳುವರಿ ಕ 8, ಖ 6, ಗ 2.5 ಟನ್ ಎಂದಿಟ್ಟುಕೊಂಡರೆ ಟನ್ನಿಗೆ ಹೆಚ್ಚುವರಿ ಸಾರಜನಕ 13.75, 10 ಮತ್ತು 16. ಹೆಕ್ಟೇರಿನಲ್ಲಿ ಮೊದಲಿದ್ದ ಗ ಇಲ್ಲಿ ಕೊನೆ! ಬಾವಿಗೆ ಇಳಿಯುವ ನೈಟ್ರೇಟ್ ಸ್ಥಳೀಯ ತೊಂದರೆ, ಅದಕ್ಕೆ ಹೆಕ್ಟೇರೇ ಸರಿ. ಹಸಿರುಮನೆ ಅನಿಲಕ್ಕೆ ಟನ್ನಿನ ಲೆಕ್ಕ ಹೊಂದುತ್ತದೆ. ಒಂದೇ ಸಂಗತಿಯನ್ನು ಎರಡೂ ರೀತಿಯಲ್ಲಿ ಪಟ್ಟಿಗೆ ಸೇರಿಸಬೇಡಿ, ಎರಡು ಸಲ ಎಣಿಸಿದಂತೆ. ಗೊಬ್ಬರದ ಪ್ರಮಾಣ, ಹೆಚ್ಚುವರಿ, ಬಾವಿಯ ನೈಟ್ರೇಟ್ ಮೂರನ್ನೂ ಹಾಕಿದರೂ ಅಷ್ಟೇ. ಒಂದು ಕಾರಣಕ್ಕೆ ಮೂರು ಪಾಲು ತೂಕ.

ಸಾವಯವ ಇಂಗಾಲವನ್ನು ಶೇಕಡಾದಲ್ಲಿ ಹಾಕಿದ್ದರೆ ದಾಸ್ತಾನಿಗೆ ಬದಲಿಸಿ. 0.6 ಶೇಕಡಾ, ರಾಶಿ ಸಾಂದ್ರತೆ (ಘನ ಸೆಂಟಿಮೀಟರಿಗೆ ಗ್ರಾಂ) 1.4, ಆಳ 30 ಸೆಂಟಿಮೀಟರ್: ಮೂರನ್ನೂ ಗುಣಿಸಿದರೆ ಹೆಕ್ಟೇರಿಗೆ 25.2 ಟನ್. ಸಾಂದ್ರತೆ 1.2 ಇದ್ದರೆ 21.6. ಉತ್ತ ಹೊಲವನ್ನೂ ಉಳದ ಹೊಲವನ್ನೂ ಹೋಲಿಸುವಾಗ ಸಮ ಆಳ ಸಾಲದು, ಸಮ ಮಣ್ಣಿನ ರಾಶಿಗೆ ಲೆಕ್ಕ ಹಾಕಬೇಕು.

ಅಂತರ್ಜಲದ 1.3 ಎಲ್ಲಿಂದ ಬಂತು? ಮರುಪೂರಣ ಇಡೀ ಜಲಾನಯನದ ಸಂಗತಿ. ಹೊಲದ ವಿಸ್ತೀರ್ಣಕ್ಕೆ ತಕ್ಕ ಪಾಲು ಹಂಚಿದ್ದರೆ ಹಾಗೆಂದು ಬರೆಯಿರಿ. ಅದನ್ನೇ ತಡೆಬಾಗಿಲು ಮಾಡುವುದಾದರೆ ಹಂಚಿದ ರೀತಿಯನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ.

---

ಗಡಿಮೌಲ್ಯ:

ದಿಬ್ಬದ ಆಕಾರಕ್ಕೆ ನನ್ನ ಒಪ್ಪಿಗೆ ಇದೆ. ಮೇಲಿನ ನನ್ನ ಅಂಕಗಳೂ ಹಾಗೇ ನಿಲ್ಲುತ್ತವೆ, ಏಕೆಂದರೆ ನಾಲ್ಕೂ ಪದ್ಧತಿಗಳು 40 ಅಥವಾ ಅದಕ್ಕಿಂತ ಮೇಲಿವೆ.

ಫಲಿತಾಂಶ ಬರೆಯುವ ಬಗೆ. ಆ ಎರಡು ಮಾನದಂಡಗಳಲ್ಲೇ ಆದಾಯದ ತೂಕವನ್ನು 0ಯಿಂದ 1ರವರೆಗೆ ಸರಿಸಿ. 0.45ರವರೆಗೆ ಗ ಮೊದಲು. 0.45ರಿಂದ 0.68ರವರೆಗೆ ಖ. ಅದರಾಚೆ ಕ. ‘ಖ ಅತಿ ಸುಸ್ಥಿರ’ ಎಂದು ಬರೆಯುವುದಕ್ಕಿಂತ ಈ ಮೂರು ಸಾಲು ಬರೆದರೆ ಓದಿದವರಿಗೆ ಉಪಯೋಗ. ತಮ್ಮ ತೂಕ ಎಲ್ಲಿ ಬೀಳುತ್ತದೆ ಎಂದು ಅವರೇ ನೋಡಿಕೊಳ್ಳುತ್ತಾರೆ. ನಾನು ಇಟ್ಟ 0.5 ಎಡಗಡೆಯ ಅಂಚಿಗೆ ಎಷ್ಟು ಹತ್ತಿರ ಇದೆ ಎಂಬುದೂ ಕಾಣುತ್ತದೆ.

ಏಳು ಮಾನದಂಡಕ್ಕೆ ಹೀಗೆ ಗೆರೆ ಎಳೆಯಲಾಗದು, ಮಾಂಟೆ ಕಾರ್ಲೊ ಬೇಕು. 10,000 ತೂಕದ ಗುಂಪುಗಳನ್ನು ಹುಟ್ಟಿಸಿ, ಪ್ರತಿ ಪದ್ಧತಿ ಎಷ್ಟು ಸಲ ಮೊದಲು ಬಂತು ಎಣಿಸಿ. ಯಾದೃಚ್ಛಿಕ ಸಂಖ್ಯೆಗಳನ್ನು ನೇರವಾಗಿ ಮೊತ್ತದಿಂದ ಭಾಗಿಸುವುದು ಇಲ್ಲಿ ಆಗಾಗ ಕಾಣುವ ತಪ್ಪು. ಹಾಗೆ ಮಾಡಿದರೆ ತೂಕಗಳು ನಡುವೆ ಗುಂಪುಗೂಡುತ್ತವೆ, ಒಂದಕ್ಕೇ ಹೆಚ್ಚು ಒತ್ತು ಕೊಡುವ ಸಂದರ್ಭಗಳು ಬಹುತೇಕ ಬರುವುದೇ ಇಲ್ಲ, ಫಲಿತಾಂಶ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಪ್ರತಿ ಸಂಖ್ಯೆಯ ಸ್ವಾಭಾವಿಕ ಲಾಗರಿದಮ್ ತೆಗೆದು, ಋಣ ಚಿಹ್ನೆ ಬದಲಿಸಿ, ಆಮೇಲೆ ಮೊತ್ತದಿಂದ ಭಾಗಿಸಿ. ಸ್ಪ್ರೆಡ್‌ಶೀಟ್‌ನಲ್ಲೇ ಆಗುತ್ತದೆ. ನೀರಿನ ತೂಕ ಕೀಟನಾಶಕಕ್ಕಿಂತ ಹೆಚ್ಚು ಎಂದು ಎಲ್ಲ ಗುಂಪೂ ಒಪ್ಪಿದ್ದರೆ, ಹಾಗಿಲ್ಲದ ಸಾಲುಗಳನ್ನು ಕಿತ್ತುಹಾಕಿ.

ಅಳತೆಯ ದೋಷವೂ ಸೇರಬೇಕು. ಇಂಗಾಲ 0.62 ಮತ್ತು 0.65 ಶೇಕಡಾ ನಡುವೆ ವ್ಯತ್ಯಾಸ ಇದೆ ಎನ್ನಲು ಮಾದರಿ ತೆಗೆಯುವ ಕ್ರಮವೇ ಬಿಡುವುದಿಲ್ಲ. ಅಂತಹ ಸೂಚಕಗಳೇ ಹೆಚ್ಚಿದ್ದರೆ ಬ್ರಾನ್ಸ್ 1982ರಲ್ಲಿ ಕೊಟ್ಟ ಪ್ರಾಮಿಥಿ ನೋಡಿ, ಅದು ಪದ್ಧತಿಗಳನ್ನು ಎರಡೆರಡಾಗಿ ಹೋಲಿಸಿ ಅಂತರಕ್ಕೆ ತಕ್ಕಂತೆ ಆದ್ಯತೆ ಕೊಡುತ್ತದೆ. 0.05ರೊಳಗಿನ ಅಂತರಕ್ಕೆ ಆದ್ಯತೆ 0, 0.25 ದಾಟಿದರೆ 1, ನಡುವೆ ಸರಳರೇಖೆ, 0.10 ಅಂತರವಾದರೆ 0.25. ಮೊದಲ ಪ್ರಾಮಿಥಿ ಕೆಲವೊಮ್ಮೆ ಎರಡು ಪದ್ಧತಿಗಳನ್ನು ಹೋಲಿಸಲಾಗದು ಎಂದೇ ಬಿಡುತ್ತದೆ, ಎರಡನೆಯದು ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಕ ಮತ್ತು ಗ ನಡುವೆ ಹಾಗೆ ಬಂದರೆ ಗಾಬರಿಯಾಗಿ ಎರಡನೆಯ ಪ್ರಾಮಿಥಿಗೆ ಓಡಬೇಡಿ, ಅದೇ ನಿಜವಾದ ಉತ್ತರ ಇರಬಹುದು.

ಕೊನೆಗೆ, ಪದ್ಧತಿಯ ಸರಾಸರಿ ಹಾಕುವ ಮೊದಲು ಪ್ರತಿ ಜಮೀನನ್ನೂ ಪ್ರತ್ಯೇಕ ಸಾಲಾಗಿ ಲೆಕ್ಕಕ್ಕೆ ಹಾಕಿ, ಕನಿಷ್ಠ ಒಂದು ಪೂರ್ತಿ ಬೆಳೆ ಪರಿವರ್ತನೆಯ ಅವಧಿಯ ಅಂಕಿಯೊಂದಿಗೆ. ಖನೊಳಗಿನ ಹರವು ಖ ಮತ್ತು ಗ ನಡುವಿನ 0.025 ಅಂತರಕ್ಕಿಂತ ದೊಡ್ಡದಿದ್ದರೆ ಇವೆರಡರಲ್ಲಿ ಯಾವುದು ಮೊದಲು ಎಂಬ ಸಾಲನ್ನೇ ವರದಿಯಿಂದ ತೆಗೆದು, ಜಮೀನುಗಳ ಅಂಕ ಹರಡಿರುವ ಚಿತ್ರ ಹಾಕಿ.